ಸೂಳಗಿರಿ ಸೀಮೆಯ ಹೆಣ್ಣುಮಕ್ಕಳ ಪ್ರೌಢ ವಿದ್ಯಾಭ್ಯಾಸ: ಶಾಲೆಯ ಆಯ್ಕೆಯ ಚರಿತ್ರೆ

ಬೆಂಗಳೂರಿನಿಂದ ದಕ್ಷಿಣಕ್ಕೆ ಹೋಗುವ ಹೆದ್ದಾರಿಯು ಅತ್ತಿಬೆಲೆಯ ಗಡಿಯನ್ನು ದಾಟಿ, ಹೊಸೂರನ್ನು ಹಾದು, ಸುಮಾರು ೨೫ ಕಿಲೋಮೀಟರು ಸಾಗಿದ ಮೇಲೆ ಸೂಳಗಿರಿಯನ್ನು ಮುಟ್ಟುತ್ತದೆ. ಅಲ್ಲಿಂದ ಕೃಷ್ಣಗಿರಿಗೂ ಹೆಚ್ಚುಕಡಿಮೆ ಅಷ್ಟೇ ದೂರ. ಶೂಲದ ಮೊನೆಗಳಂತೆ ಕಾಣುವ ಬೆಟ್ಟದಿಂದ ಊರಿಗೆ ಈ ಹೆಸರು ಬಂದಿತೆಂದು ಹೇಳುವುದುಂಟು. ಸೀಮೆಯ ಮಾತು ನಾಲ್ಕು ಬಗೆ: ಕನ್ನಡ, ತೆಲುಗು, ತಮಿಳು, ಉರ್ದು. ಈ ನಾಲ್ಕರ ನಡುವೆ ಬೆಳೆದ ಹುಡುಗಿಯೊಬ್ಬಳು ಐದನೆಯ ತರಗತಿಯಲ್ಲಿ ಚೆನ್ನಾಗಿ ಓದತೊಡಗಿದಳೆನ್ನೋಣ. ಬೇಸಗೆಯ ರಜ ಬಂದಿತೆಂದರೆ ಅವಳ ತಂದೆ ಉಪಾಧ್ಯಾಯರ ಮನೆಯನ್ನು ಹುಡುಕಿಕೊಂಡು ಬರುತ್ತಾನೆ. “ಮೇಷ್ಟ್ರೇ, ಮಗು ಓದಿನಲ್ಲಿ ಚುರುಕಾಗಿದೆ. ಹೊಸೂರಿಗೆ ಹಾಕಲೋ, ಕೃಷ್ಣಗಿರಿಗೋ, ಇಲ್ಲಾ ಬೆಂಗಳೂರಿನಲ್ಲಿ ಹಾಸ್ಟೆಲಿಗೆ ಬಿಡಲೋ? ನೀವು ಹೇಳಿದ ಹಾಗೆ ಮಾಡುತ್ತೀನಿ.”

ಈ ಮಾತು ಕಿವಿಗೆ ಬೀಳದ ಉಪಾಧ್ಯಾಯರು ಗಡಿನಾಡಿನಲ್ಲಿ ವಿರಳ. ಉತ್ತರ ಹೇಳುವಾಗ ನಾವು ನೋಡುವುದು ಸಾಮಾನ್ಯವಾಗಿ ಕಟ್ಟಡ, ಬಸ್ಸು, ಫೀಜು, ಹಿಂದಿನ ವರ್ಷದ ಫಲಿತಾಂಶ. ಆದರೆ ಈ ಪ್ರಶ್ನೆಗೂ ಒಂದು ಚರಿತ್ರೆಯುಂಟು. ಅದನ್ನು ತಿರುವಿಹಾಕಿದರೆ ವಿಚಿತ್ರವಾದ ಸಂಗತಿಯೊಂದು ಕಣ್ಣಿಗೆ ಬೀಳುತ್ತದೆ. ನೂರು ನೂರಿಪ್ಪತ್ತು ವರ್ಷಗಳ ಹಿಂದೆ ಹುಡುಗಿಯ ಓದು ಯಾವ ವಯಸ್ಸಿಗೆ ನಿಲ್ಲುತ್ತಿದ್ದಿತೋ, ಇಂದು ಅವಳ ಮುಂದಿನ ದಾರಿ ತೀರ್ಮಾನವಾಗುವುದೂ ಅದೇ ವಯಸ್ಸಿಗೆ: ಹನ್ನೊಂದು, ಹನ್ನೆರಡು. ಅಂದು ಅದಕ್ಕೆ ಕಾರಣ ಮದುವೆ. ಇಂದಿನ ಕಾರಣ ಎರಡು ರಾಜ್ಯಗಳ ನಿಯಮಾವಳಿ. ಈ ಲೇಖನದಲ್ಲಿ ಆ ವಯಸ್ಸಿನ ಹೊಸ್ತಿಲನ್ನೇ ಹಿಡಿದು ಹಿಂದಕ್ಕೂ ಮುಂದಕ್ಕೂ ನೋಡಲು ಯತ್ನಿಸಿದೆ.

ಮೊದಲು ಗಡಿಯ ಮಾತು. ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಕೃಷ್ಣಗಿರಿಯನ್ನೊಳಗೊಂಡ ಬಾರಾಮಹಲು ಟಿಪ್ಪೂ ಸುಲ್ತಾನನ ಕೈತಪ್ಪಿ ಕಂಪನಿಗೆ ಸೇರಿತು. ಘಟ್ಟದ ಮೇಲಿನ ಹೊಸೂರು ಸೀಮೆ ಸೇರಿದ್ದು ೧೭೯೯ರಲ್ಲಿ, ಶ್ರೀರಂಗಪಟ್ಟಣ ಬಿದ್ದ ಮೇಲೆ. ಬಾಗಲೂರು, ಬೇರಿಗೈ, ಸೂಳಗಿರಿಗಳ ಪಾಳೆಯಗಾರರ ನೆಲವೆಲ್ಲ ಹೀಗೆ ಸೇಲಂ ಜಿಲ್ಲೆಯ ಪಾಲಾಯಿತು. ೧೯೫೬ರಲ್ಲಿ ಭಾಷಾವಾರು ಪ್ರಾಂತಗಳು ಏರ್ಪಟ್ಟಾಗಲೂ ಈ ಸೀಮೆ ಮದರಾಸಿನಲ್ಲಿಯೇ ಉಳಿಯಿತು. ೧೯೬೫ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು. ೨೦೦೪ರಲ್ಲಿ ಅದರಿಂದ ಕೃಷ್ಣಗಿರಿ ಜಿಲ್ಲೆ ಬೇರೆಯಾಯಿತು. ಇಷ್ಟರಿಂದ ಹುಟ್ಟಿದ ತೊಡಕನ್ನು ಒಂದೇ ಮಾತಿನಲ್ಲಿ ಹೇಳಬಹುದು. ಹತ್ತಿರದ ದೊಡ್ಡ ವಿದ್ಯಾಕೇಂದ್ರ ಬೆಂಗಳೂರು. ಪರೀಕ್ಷೆ ನಡೆಸುವ ಅಧಿಕಾರ ಮದರಾಸು. ಕಾಲು ಒಂದು ಕಡೆಗೆ ನಡೆಯುತ್ತದೆ, ಕಾಗದ ಇನ್ನೊಂದು ಕಡೆಗೆ.

ಗಂಡುಮಕ್ಕಳು ಈ ತೊಡಕನ್ನು ಬೇಗನೆ ದಾಟಿದರು. ಹೊಸೂರಿನ ಸಮೀಪದ ತೊರಪ್ಪಳ್ಳಿಯಲ್ಲಿ ೧೮೭೮ರ ಡಿಸೆಂಬರ್ ೧೦ರಂದು ಹುಟ್ಟಿದ ಚಕ್ರವರ್ತಿ ರಾಜಗೋಪಾಲಾಚಾರ್ಯರ ಉದಾಹರಣೆಯೇ ಸಾಕು. ತಂದೆ ಹಳ್ಳಿಯ ಮುನ್ಸೀಫರು. ಹುಡುಗನಿಗೆ ಮೊದಲು ಹೊಸೂರಿನ ಶಾಲೆ, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಅನಂತರ ಕಾನೂನಿನ ವ್ಯಾಸಂಗಕ್ಕೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು, ವಕೀಲಿ ವೃತ್ತಿಗೆ ಸೇಲಂ. ಮೈಸೂರು ಸಂಸ್ಥಾನದ ಊರಿನಲ್ಲಿ ಕಲಿತು ಬ್ರಿಟಿಷ್ ಜಿಲ್ಲೆಯಲ್ಲಿ ದುಡಿಯುವುದಕ್ಕೆ ಅಡ್ಡಿಯಿರಲಿಲ್ಲ. ಸೆಂಟ್ರಲ್ ಕಾಲೇಜು ಆಗ ಮದರಾಸು ವಿಶ್ವವಿದ್ಯಾಲಯಕ್ಕೇ ಸೇರಿದ್ದಿತು. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು ೧೯೧೬ರಲ್ಲಿ. ಹುಡುಗಿಯೊಬ್ಬಳನ್ನು ಅದೇ ದಾರಿಯಲ್ಲಿ ಕಳುಹಿಸುವುದು ಆ ಕಾಲದ ಮನೆಗಳ ಯೋಚನೆಗೆ ನಿಲುಕುವಂತಿರಲಿಲ್ಲ. ದೂರ ಅದಕ್ಕೆ ಸಣ್ಣ ಕಾರಣ. ಹನ್ನೊಂದು ಹನ್ನೆರಡಕ್ಕೆ ಅವಳ ಮದುವೆಯ ಮಾತು ಮುಗಿದಿರುತ್ತಿದ್ದಿತು, ಅದು ದೊಡ್ಡ ಕಾರಣ.

ಇಲ್ಲಿ ಗಡಿ ಇನ್ನೊಂದು ರೂಪದಲ್ಲಿ ಅಡ್ಡಬರುತ್ತದೆ. ಮೈಸೂರು ಸಂಸ್ಥಾನವು ೧೮೯೪ರಲ್ಲಿ ಶಿಶುವಿವಾಹ ನಿಷೇಧದ ಕಾನೂನನ್ನು ಜಾರಿಗೆ ತಂದಿತು. ಎಂಟು ವರ್ಷಕ್ಕಿಂತ ಚಿಕ್ಕ ಹುಡುಗಿಯರ ಮದುವೆ ಅದರಿಂದ ಅಪರಾಧವಾಯಿತು. ಎಂಟೆಂಬುದು ಇಂದು ನಗೆ ಬರಿಸುವ ಸಂಖ್ಯೆ. ಅಂದು ಅದಕ್ಕೂ ದೊಡ್ಡ ಗದ್ದಲವೇ ನಡೆಯಿತು. ಆದರೆ ಆ ಕಾನೂನು ಅತ್ತಿಬೆಲೆಯ ಆಚೆಗೆ ನಿಂತಿತು. ಸೂಳಗಿರಿಗೆ ಅನ್ವಯಿಸುವ ಇಂಥ ಕಾನೂನು ಬರಲು ೧೯೨೯ರ ಶಾರದಾ ಕಾಯಿದೆಯವರೆಗೆ ಕಾಯಬೇಕಾಯಿತು. ಹುಡುಗಿಗೆ ೧೪ ವರ್ಷವಾಗಿರಬೇಕೆಂದು ವಿಧಿಸಿದ ಆ ಕಾಯಿದೆ ೧೯೩೦ರ ಏಪ್ರಿಲಿನಿಂದ ಆಚರಣೆಗೆ ಬಂದಿತು. ಶಾಲೆಯ ಲೆಕ್ಕದಲ್ಲಿ ಅದರ ಅರ್ಥವೇನು? ಆಗಿನ ಮದರಾಸು ಪದ್ಧತಿಯಲ್ಲಿ ಐದು ತರಗತಿ ಮುಗಿದ ಮೇಲೆ ಒಂದನೆಯ ಫಾರಂ. ಆರನೆಯ ಫಾರಂ ಮುಗಿದರೆ ಎಸ್. ಎಸ್. ಎಲ್. ಸಿ. ಕಾಯಿದೆಯನ್ನು ಅಕ್ಷರಶಃ ಪಾಲಿಸಿದ ಮನೆಯ ಹುಡುಗಿಗೂ ಮೂರನೆಯ ನಾಲ್ಕನೆಯ ಫಾರಮಿನವರೆಗೆ ಮಾತ್ರ ರಕ್ಷೆ. ಹೈಸ್ಕೂಲಿನ ಬಾಗಿಲಿಗೆ ಕರೆತಂದು ಕಾಯಿದೆ ಕೈಬಿಡುತ್ತಿದ್ದಿತು.

ಆದುದರಿಂದಲೇ ಹಿಂದಿನ ಶತಮಾನದ ಹೆಣ್ಣು ಶಾಲೆಗಳ ಸಮಸ್ಯೆ ಇಂದಿನದಕ್ಕೆ ತೀರ ತಿರುವುಮುರುವು. ಇಂದು ಹೆಸರಾದ ಶಾಲೆಯು ಯಾವ ಹುಡುಗಿಯನ್ನು ಸೇರಿಸಿಕೊಳ್ಳಬೇಕು ಎಂದು ಪರೀಕ್ಷೆ ಮಾಡುತ್ತದೆ. ಅಂದಿನ ಶಾಲೆ ಯಾವ ಹುಡುಗಿ ಬಂದಾಳೆಂದು ಬಾಗಿಲಲ್ಲಿ ನಿಂತು ಕಾಯುತ್ತಿದ್ದಿತು. ಬೆಂಗಳೂರಿನಲ್ಲಿ ೧೮೪೦ರ ದಶಕದಲ್ಲಿ ಲಂಡನ್ ಮಿಷನ್ನಿನ ರೈಸ್ ಮತ್ತು ಸೂಯೆಲ್ ಕುಟುಂಬಗಳ ಹೆಂಗಸರು ಕನ್ನಡ ಹುಡುಗಿಯರಿಗೆ ಪಾಠ ಹೇಳತೊಡಗಿದರು. ಈ ರೈಸ್ ದಂಪತಿಗಳ ಮಗನೇ ನಮ್ಮ ಶಾಸನಗಳನ್ನು ಬೆಳಕಿಗೆ ತಂದ ಬಿ. ಎಲ್. ರೈಸರು. ಮತಾಂತರದ ಶಂಕೆಯಿಂದ ಮೇಲುಜಾತಿಯ ಮನೆಗಳು ಮಿಷನ್ ಶಾಲೆಗಳಿಂದ ದೂರ ನಿಂತವು. ಆ ಶಂಕೆಯನ್ನು ಹೋಗಲಾಡಿಸಲೆಂದೇ ಮೈಸೂರಿನಲ್ಲಿ ೧೮೮೧ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರು ಅರಮನೆಯ ಆಶ್ರಯದಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ತೆರೆದರು. ಅದೇ ಮುಂದೆ ಮಹಾರಾಣಿ ಕಾಲೇಜಾಯಿತು. ಮನೆಯವರ ಮನಸ್ಸನ್ನು ಒಲಿಸಲು ಸಂಗೀತವನ್ನೂ ಪಾಠಕ್ರಮದಲ್ಲಿ ಸೇರಿಸಿದರು. ಮುಚ್ಚುಬಂಡಿ ಕಳುಹಿಸಿ ಹುಡುಗಿಯರನ್ನು ಮನೆಯಿಂದ ಕರೆತರುವುದು ಆ ಕಾಲದ ಹೆಣ್ಣು ಶಾಲೆಗಳ ಸಾಮಾನ್ಯ ಏರ್ಪಾಡು. ಇಂದಿನ ಖಾಸಗಿ ಶಾಲೆಯ ಹಳದಿ ಬಸ್ಸು ಹಳ್ಳಿಯ ತಿರುವಿನಲ್ಲಿ ನಿಂತಾಗ ಆ ಬಂಡಿಯ ನೆನಪಾಗುತ್ತದೆ. ಒಂದೇ ವ್ಯತ್ಯಾಸ: ಬಂಡಿಗೆ ಬಾಡಿಗೆ ಕೊಡುತ್ತಿದ್ದುದು ಹುಡುಗಿಯ ತಂದೆಯಲ್ಲ.

ಮದರಾಸಿನ ಕಡೆಯ ಎರಡು ಹೆಸರುಗಳನ್ನು ಇಲ್ಲಿ ಹೇಳದೆ ಮುಂದುವರಿಯುವಂತಿಲ್ಲ. ಇಬ್ಬರೂ ೧೮೮೬ರಲ್ಲಿ ಹುಟ್ಟಿದವರು. ಬಾಲ್ಯದಲ್ಲಿಯೇ ವಿಧವೆಯಾದ ಸುಬ್ಬಲಕ್ಷ್ಮಿಯವರು ಮನೆಯವರ ಬೆಂಬಲದಿಂದ ಓದಿ ೧೯೧೧ರಲ್ಲಿ ಪದವೀಧರೆಯಾದರು. ಆಮೇಲೆ ತಮ್ಮಂಥ ಬಾಲವಿಧವೆಯರಿಗೆಂದೇ ಮದರಾಸಿನ ಕಡಲ ದಂಡೆಯ ಐಸ್‌ಹೌಸಿನಲ್ಲಿ ವಿದ್ಯಾರ್ಥಿನಿಲಯ ನಡೆಸಿದರು. ಇನ್ನೊಬ್ಬರು ಪುದುಕೋಟೆಯ ಮುತ್ತುಲಕ್ಷ್ಮಿ ರೆಡ್ಡಿ. ಅವರ ಊರಿನಲ್ಲಿ ಹುಡುಗಿಯರಿಗೆ ಮೇಲಿನ ಶಾಲೆಯೇ ಇರಲಿಲ್ಲ. ತಂದೆ ನಾರಾಯಣಸ್ವಾಮಿ ಅಯ್ಯರು ವಿದ್ಯಾವಂತರು. ಮಗಳಿಗೆ ಮನೆಯಲ್ಲೇ ಪಾಠದ ವ್ಯವಸ್ಥೆ ಮಾಡಿ ಮೆಟ್ರಿಕ್ಯುಲೇಷನ್ನಿಗೆ ಕೂರಿಸಿದರು. ಅವಳು ಹುಡುಗರ ಮಹಾರಾಜಾ ಕಾಲೇಜಿಗೆ ಅರ್ಜಿ ಹಾಕಿದಾಗ ಊರಿನವರು ತಕರಾರು ಎತ್ತಿದರು. ದೊರೆಯೇ ನಡುವೆ ಬಂದು ಸೇರಿಸಿಕೊಳ್ಳಲು ಹೇಳಬೇಕಾಯಿತು. ೧೯೦೭ರಲ್ಲಿ ಮದರಾಸಿನ ವೈದ್ಯಕೀಯ ಕಾಲೇಜನ್ನು ಸೇರಿ ೧೯೧೨ರಲ್ಲಿ ಪದವಿ ಪಡೆದ ಆಕೆ ಮುಂದೆ ಶಾಸನಸಭೆಯ ಸದಸ್ಯೆಯಾಗಿ, ಅಡಯಾರಿನ ಕ್ಯಾನ್ಸರ್ ಆಸ್ಪತ್ರೆಯ ಸ್ಥಾಪಕಿಯಾಗಿ ಹೆಸರಾದರು. ಈ ಇಬ್ಬರ ಬಾಳಿನಲ್ಲಿಯೂ ಶಾಲೆಯನ್ನು ‘ಆರಿಸುವ’ ಪ್ರಸಂಗ ಬರಲಿಲ್ಲ. ಇದ್ದ ಒಂದು ಬಾಗಿಲನ್ನು ತೆರೆಸುವುದೇ ದೊಡ್ಡ ಕೆಲಸವಾಗಿದ್ದಿತು.

ಆಯ್ಕೆ ಎಂಬುದು ನಿಜವಾಗಿ ಬಂದದ್ದು ಕರಾವಳಿಯಲ್ಲಿ. ನಮ್ಮಂತೆಯೇ ಮದರಾಸಿನ ಆಳ್ವಿಕೆಯಲ್ಲಿದ್ದ ದಕ್ಷಿಣ ಕನ್ನಡವನ್ನು ನೋಡಿರಿ. ಕಾಸರಗೋಡು ಆಗ ಅದರದೇ ತಾಲ್ಲೂಕು. ಮಂಗಳೂರಿನಲ್ಲಿ ೧೮೭೦ರಲ್ಲಿ ಕಾರ್ಮೆಲ್ ಸಂನ್ಯಾಸಿನಿಯರು ಬಂದು ಸಂತ ಆನ್ನಮ್ಮನ ಹೆಸರಿನ ಶಾಲೆಯನ್ನು ಕಟ್ಟಿದರು. ಅಮ್ಮೆಂಬಳ ಸುಬ್ಬರಾವ್ ಪೈಗಳು ೧೮೯೧ರಲ್ಲಿ ಹುಡುಗರಿಗೆ ಕೆನರಾ ಹೈಸ್ಕೂಲನ್ನು ತೆರೆದು, ಮೂರೇ ವರ್ಷದಲ್ಲಿ, ೧೮೯೪ರಲ್ಲಿ, ಹುಡುಗಿಯರಿಗೂ ಬೇರೆ ಶಾಲೆಯನ್ನು ತೆರೆದರು. ೧೯೧೮ರಲ್ಲಿ ಥಿಯಾಸಫಿಯ ಅಭಿಮಾನಿಗಳು ಬೆಸೆಂಟ್ ಹೆಸರಿನಲ್ಲಿ ಹೆಣ್ಣುಮಕ್ಕಳ ರಾಷ್ಟ್ರೀಯ ಶಾಲೆಯನ್ನು ಆರಂಭಿಸಿದರು. ೧೯೨೧ರಲ್ಲಿ ಸಂತ ಆಗ್ನೆಸ್ ಕಾಲೇಜು ಬಂದಿತು. ೧೯೨೦ರ ದಶಕದಲ್ಲಿ ಮಂಗಳೂರಿನ ಗುಮಾಸ್ತನೊಬ್ಬ ಮಗಳನ್ನು ಓದಿಸಲು ಹೊರಟರೆ ಅವನೆದುರಿಗೆ ಮೂರು ಖಾಸಗಿ ಶಾಲೆಗಳಿದ್ದವು. ಸಂನ್ಯಾಸಿನಿಯರ ಶಿಸ್ತು ಬೇಕೋ, ಊರಿನವರ ಶಾಲೆಯ ಭರವಸೆ ಬೇಕೋ, ರಾಷ್ಟ್ರೀಯ ಶಿಕ್ಷಣದ ಹೊಸ ಗಾಳಿ ಬೇಕೋ ಎಂದು ಅವನು ತೂಗಿ ನೋಡಬಹುದಾಗಿದ್ದಿತು. ಮೂರರಲ್ಲಿ ಯಾವುದನ್ನು ಆರಿಸಿದರೂ ಮಗಳು ಸಂಜೆ ಮನೆಗೆ ಬರುತ್ತಿದ್ದಳು ಎಂಬುದನ್ನು ಮರೆಯಬಾರದು. ಆಯ್ಕೆಯ ಸ್ವಾತಂತ್ರ್ಯವೆಂದರೆ ಬಹುಮಟ್ಟಿಗೆ ಇದೇ. ಒಂದೇ ಆಡಳಿತದಲ್ಲಿದ್ದ ಹೊಸೂರು ಸೀಮೆಗೆ ಇಂಥ ಪಟ್ಟಣವಿರಲಿಲ್ಲ. ಇದ್ದ ಪಟ್ಟಣವಾದ ಬೆಂಗಳೂರು ಗಡಿಯ ಆಚೆಗಿದ್ದಿತು. ಮೊರಪ್ಪೂರಿನಿಂದ ಧರ್ಮಪುರಿಯ ಮೇಲೆ ಹೊಸೂರಿಗೆ ಬರುತ್ತಿದ್ದ ಸಣ್ಣ ರೈಲೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ನಿಂತುಹೋಯಿತು.

ಬೆಂಗಳೂರಿನಲ್ಲಿ ಆಗ ಏನು ಸಾಧ್ಯವಿದ್ದಿತು ಎಂಬುದಕ್ಕೆ ರಾಜೇಶ್ವರಿ ಚಟರ್ಜಿಯವರ ಬಾಳು ಸಾಕ್ಷಿ. ೧೯೨೨ರಲ್ಲಿ ಹುಟ್ಟಿದ ಆಕೆ ಮೊದಲ ಪಾಠ ಕಲಿತದ್ದು ತಮ್ಮ ಅಜ್ಜಿ ಕಮಲಮ್ಮ ದಾಸಪ್ಪನವರು ಸ್ಥಾಪಿಸಿದ ಶಾಲೆಯಲ್ಲಿ. ಆ ಅಜ್ಜಿ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರ, ಗಂಡ ಬಿಟ್ಟ ಹೆಂಗಸರ ಓದಿಗಾಗಿ ದುಡಿದವರು. ಮೊಮ್ಮಗಳು ಚರಿತ್ರೆಯನ್ನು ಓದಬೇಕೆಂದುಕೊಂಡು, ಕೊನೆಗೆ ಗಣಿತ ಭೌತಶಾಸ್ತ್ರಗಳನ್ನು ಆರಿಸಿ, ಸೆಂಟ್ರಲ್ ಕಾಲೇಜಿನಲ್ಲಿ ಕಲಿತು ೧೯೪೩ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ ೧೯೫೩ರಲ್ಲಿ ಹಿಂತಿರುಗಿ ಅದೇ ಸಂಸ್ಥೆಯಲ್ಲಿ ಅಧ್ಯಾಪಕರಾದರು. ರಾಜಗೋಪಾಲಾಚಾರ್ಯರು ಕಲಿತ ಕಾಲೇಜೇ ಅದು. ತೊರಪ್ಪಳ್ಳಿಯ ಹುಡುಗ ಅಲ್ಲಿಗೆ ಹೋದುದಕ್ಕೂ ಬೆಂಗಳೂರಿನ ಹುಡುಗಿ ಹೋದುದಕ್ಕೂ ನಡುವೆ ಅರ್ಧ ಶತಮಾನ ಸಂದಿತು. ಹುಡುಗಿಯ ಬೆನ್ನಿಗೆ ಓದಿದ ಅಜ್ಜಿಯೊಬ್ಬಳು ಬೇಕಾದಳು. ಓದುವ ಮಗಳ ಚರಿತ್ರೆಯನ್ನು ಬರೆಯುವವರು ಶಾಲೆಯ ಹೆಸರಿಗಿಂತ ಮೊದಲು ಮನೆಯ ಹಿರಿಯ ಹೆಂಗಸಿನ ಓದನ್ನು ಕೇಳಿ ತಿಳಿಯಬೇಕು ಎಂದು ನಮಗೆ ತೋರುತ್ತದೆ.

ಗಡಿಯ ಹೆಣ್ಣುಮಗಳಿಗೆ ಇನ್ನೂ ಹತ್ತಿರದ ಉದಾಹರಣೆ ಸೊಲ್ಲಾಪುರದ್ದು. ೧೯೧೨ರಲ್ಲಿ ಅಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರ ಮನೆಮಾತು ಕನ್ನಡ, ಶಾಲೆ ಮರಾಠಿ. ಬಾಲ್ಯದಲ್ಲಿಯೇ ಮದುವೆಯೂ ಆಯಿತು. ಕನ್ನಡದ ಬರಹವನ್ನು ಆಕೆ ಸ್ವಂತ ಶ್ರಮದಿಂದ ವಶಮಾಡಿಕೊಂಡು ಸಿದ್ಧರಾಮನನ್ನು ಕುರಿತ ಪುರಾಣಕಾವ್ಯವನ್ನು ಬರೆದರು. ೧೯೭೪ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಏರಿದ ಮೊದಲ ಮಹಿಳೆ ಅವರೇ. ಸಭೆಗಳಲ್ಲಿ ಈ ಮಾತನ್ನು ಹೆಮ್ಮೆಯಿಂದ ಎತ್ತುತ್ತೇವೆ. ಆದರೆ ಇದರಿಂದ ‘ಶಾಲೆ ಯಾವ ಭಾಷೆಯದಾದರೇನು, ಕನ್ನಡ ತಾನಾಗಿ ಬಂದೀತು’ ಎಂದು ಯಾರಾದರೂ ತೀರ್ಮಾನಿಸಿದರೆ ಅದು ಸರಿಯಾಗದು. ಬಸವಾದಿ ಶರಣರ ಮಾತು ನಿತ್ಯ ಕಿವಿಗೆ ಬೀಳುವ ಮನೆಯೊಂದು ಆಕೆಗಿದ್ದಿತು. ಎಲ್ಲ ಮನೆಗಳೂ ಹಾಗಿರುವುದಿಲ್ಲ.

ಸ್ವಾತಂತ್ರ್ಯ ಬಂದ ಮೇಲಿನ ಮೂವತ್ತು ವರ್ಷಗಳನ್ನು ಬೇಗ ದಾಟಬಹುದು. ರಾಜಗೋಪಾಲಾಚಾರ್ಯರು ೧೯೫೩ರಲ್ಲಿ ತಂದ ಅರ್ಧದಿನದ ಶಾಲೆಯ ಯೋಜನೆ ಮರುವರ್ಷವೇ ಬಿದ್ದುಹೋಯಿತು. ಕಾಮರಾಜರ ಕಾಲದಲ್ಲಿ ಹಳ್ಳಿಹಳ್ಳಿಗೆ ಶಾಲೆ ಬಂದಿತು, ಮಧ್ಯಾಹ್ನದ ಊಟ ಬಂದಿತು, ಶುಲ್ಕ ಹೋಯಿತು. ಈ ಸೀಮೆಯ ಸಾಮಾನ್ಯ ಮನೆಯ ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ಕರೆತಂದುದು ಯಾವ ಖಾಸಗಿ ಸಂಸ್ಥೆಯೂ ಅಲ್ಲ, ಊಟ ಹಾಕಿದ ಸರ್ಕಾರಿ ಶಾಲೆ. ಇದನ್ನು ಗಟ್ಟಿಯಾಗಿ ಹೇಳಬೇಕಾಗಿದೆ, ಏಕೆಂದರೆ ಮುಂದಿನ ಕಥೆಯಲ್ಲಿ ಆ ಶಾಲೆಯ ಹೆಸರನ್ನು ಕೀಳುಮಾಡಿ ಆಡುವುದೇ ರೂಢಿಯಾಯಿತು.

೧೯೭೮ ಎಂಬ ವರ್ಷ ಎರಡು ಕಾರಣದಿಂದ ಮುಖ್ಯ. ಆ ವರ್ಷ ಹುಡುಗಿಯ ಮದುವೆಯ ಕನಿಷ್ಠ ವಯಸ್ಸನ್ನು ೧೮ಕ್ಕೆ ಏರಿಸಿದರು. ಅದೇ ವರ್ಷ ತಮಿಳುನಾಡಿನಲ್ಲಿ ಹನ್ನೊಂದು ಹನ್ನೆರಡನೆಯ ತರಗತಿಗಳು ಶಾಲೆಗೇ ಸೇರಿ ‘ಪ್ಲಸ್ ಟೂ’ ಆರಂಭವಾಯಿತು. ಕರ್ನಾಟಕದಲ್ಲಿ ಪಿ. ಯು. ಸಿ. ಎಂಬ ಬೇರೆ ಮೆಟ್ಟಿಲು ಉಳಿಯಿತು. ಆಚೆಯ ಹುಡುಗಿ ಹತ್ತನೆಯ ತರಗತಿ ಮುಗಿಸಿ ಹೊಸ ಕಾಲೇಜನ್ನು ಹುಡುಕಬೇಕು. ಈಚೆಯವಳು ಅದೇ ಶಾಲೆಯ ಆವರಣದಲ್ಲಿ ಹದಿನೆಂಟರವರೆಗೆ ಇರಬಹುದು. ತಂದೆತಾಯಿಗಳಿಗೆ ಇದರಿಂದ ಎಷ್ಟು ನೆಮ್ಮದಿಯಾಯಿತೆಂಬುದು ಹೆಣ್ಣು ಹೆತ್ತವರಿಗೇ ಗೊತ್ತು.

ಅದೇ ಹೊತ್ತಿಗೆ ಹೊಸೂರಿನ ಮುಖ ಬದಲಾಯಿತು. ಕೈಗಾರಿಕಾ ವಸಾಹತು ಬಂದಿತು. ೧೯೮೦ರ ಸುಮಾರಿಗೆ ಅಶೋಕ್ ಲೇಲ್ಯಾಂಡ್, ಟಿ. ವಿ. ಎಸ್., ಆಮೇಲೆ ಟೈಟಾನ್ ಕಾರ್ಖಾನೆಗಳು ಬಂದವು. ಅನೇಕ ಪ್ರಾಂತಗಳ ಕೆಲಸಗಾರರೂ ಎಂಜಿನಿಯರರೂ ಬಂದು ನೆಲೆಸಿದರು. ಅವರ ಮಕ್ಕಳಿಗಾಗಿ ಇಂಗ್ಲಿಷ್ ಮಾಧ್ಯಮದ ಶಾಲೆಗಳು ಹುಟ್ಟಿದವು. ಹಿಂದೆ ವಿಶ್ವವಿದ್ಯಾಲಯಗಳ ಕೈಯಲ್ಲಿದ್ದ ‘ಮೆಟ್ರಿಕ್ಯುಲೇಷನ್’ ಶಾಲೆಗಳು ೧೯೭೦ರ ದಶಕದ ಕೊನೆಗೆ ರಾಜ್ಯದ ಬೇರೊಂದು ಮಂಡಳಿಗೆ ಬಂದು, ಪಟ್ಟಣಪಟ್ಟಣಕ್ಕೂ ಹರಡಿದವು. ಸಮಾನ ಪಠ್ಯದ ಕಾಯಿದೆ ೨೦೧೦ರಲ್ಲಿ ಆಗಿ, ೨೦೧೧ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ಜಾರಿಗೆ ಬಂದಮೇಲೆ ಮೆಟ್ರಿಕ್ಯುಲೇಷನ್ ಶಾಲೆಗೂ ಸರ್ಕಾರಿ ಶಾಲೆಗೂ ಹತ್ತನೆಯ ತರಗತಿಯವರೆಗೆ ಪಠ್ಯ ಒಂದೇ ಆಯಿತು. ಹಲಗೆಯ ಮೇಲಿನ ಹೆಸರು ಮಾತ್ರ ಹಳೆಯದೇ ಉಳಿಯಿತು. ಆ ಹೆಸರಿಗೇ ಹಣ ಕೊಡುವ ಪೋಷಕರು ಇಂದಿಗೂ ಉಂಟು.

ಆರಿಸಿ ತೆಗೆಯುವ ಶಾಲೆಗಳ ಕಾಲ ಬಂದದ್ದು ಇದರ ಮೇಲೆಯೇ. ವೃತ್ತಿಶಿಕ್ಷಣಕ್ಕಿದ್ದ ಪ್ರವೇಶಪರೀಕ್ಷೆಯನ್ನು ತಮಿಳುನಾಡು ೨೦೦೭ರಿಂದ ಕೈಬಿಟ್ಟು, ಹನ್ನೆರಡನೆಯ ತರಗತಿಯ ಅಂಕವನ್ನೇ ಅಳತೆಗೋಲಾಗಿ ಮಾಡಿತು. ನಾಮಕ್ಕಲ್ ಕಡೆಯ ವಸತಿಶಾಲೆಗಳು ಮೊದಲೇ ಹೆಸರು ಮಾಡಿದ್ದವು. ಈಗ ಆ ಮಾದರಿ ಕೃಷ್ಣಗಿರಿ ಧರ್ಮಪುರಿಗಳಿಗೂ ಹಬ್ಬಿತು. ಹತ್ತರಲ್ಲಿ ಹೆಚ್ಚು ಅಂಕ ತೆಗೆದವರನ್ನು ಹುಡುಕಿ ಸೇರಿಸಿಕೊಳ್ಳುವುದು. ಹನ್ನೊಂದರ ಪಾಠವನ್ನು ಬದಿಗಿಟ್ಟು ಎರಡು ವರ್ಷವೂ ಹನ್ನೆರಡರದನ್ನೇ ಉರುಹಚ್ಚಿಸುವುದು. ೨೦೧೭ರಲ್ಲಿ ಸರ್ಕಾರ ರ‍್ಯಾಂಕ್ ಪ್ರಕಟಣೆಯನ್ನು ನಿಲ್ಲಿಸಿತು. ಹನ್ನೊಂದಕ್ಕೂ ಸಾರ್ವಜನಿಕ ಪರೀಕ್ಷೆಯನ್ನು ತಂದಿತು. ೨೦೨೫ರಲ್ಲಿ ಆ ಪರೀಕ್ಷೆಯನ್ನು ತಾನೇ ಕೈಬಿಟ್ಟಿತು. ವೈದ್ಯಕೀಯಕ್ಕೆ ೨೦೧೭ರಿಂದ ಅಖಿಲ ಭಾರತದ ನೀಟ್ ಪರೀಕ್ಷೆ ಬಂದಿರುವುದರಿಂದ ಅಳತೆಗೋಲು ಮತ್ತೆ ಬದಲಾಯಿತು. ಶಾಲೆಗಳ ಜಾಹೀರಾತೂ ಅದರೊಡನೆ ಬದಲಾಯಿತು.

ಇಂಥ ಶಾಲೆಯ ಫಲಿತಾಂಶವನ್ನು ಓದುವ ಬಗೆಯನ್ನು ಪೋಷಕರಿಗೆ ಹೇಳಿಕೊಡುವುದು ಉಪಾಧ್ಯಾಯರ ಕೆಲಸ. ನೂರಕ್ಕೆ ತೊಂಬತ್ತೈದು ತೆಗೆದ ಹುಡುಗಿಯರನ್ನೇ ಸೇರಿಸಿಕೊಂಡ ಶಾಲೆಯಲ್ಲಿ ಅವರೆಲ್ಲ ತೊಂಬತ್ತೈದೇ ತೆಗೆದರೆ ಶಾಲೆ ಕಲಿಸಿದ್ದೇನು? ಒಂಬತ್ತನೆಯ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಹತ್ತರ ಪರೀಕ್ಷೆಗೆ ಕೂತವರೆಷ್ಟು? ನಡುವೆ ವರ್ಗಾವಣೆಯ ಪತ್ರ ಪಡೆದು ಹೋದವರು ಯಾರು? ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಲು ಹಿಂಜರಿಯುವ ಶಾಲೆಯ ಗೋಡೆಯ ಮೇಲಿನ ಭಾವಚಿತ್ರಗಳನ್ನು ನಂಬಿ ಸಾಲ ಮಾಡಬಾರದು. ಆರನೆಯ ತರಗತಿಗೆ ಪ್ರವೇಶಪರೀಕ್ಷೆ ಮಾಡುವ ಶಾಲೆಗಳ ವಿಷಯದಲ್ಲಿ ಕಾನೂನು ಇನ್ನೂ ಸ್ಪಷ್ಟವಾಗಿದೆ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ೧೩ನೆಯ ವಿಧಿಯು ಎಂಟನೆಯ ತರಗತಿಯವರೆಗೆ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸಿ ಆರಿಸುವುದನ್ನು ನಿಷೇಧಿಸುತ್ತದೆ. ಮೊದಲ ತಪ್ಪಿಗೆ ೨೫,೦೦೦ ರೂಪಾಯಿ, ಮುಂದಿನ ಪ್ರತಿಯೊಂದಕ್ಕೆ ೫೦,೦೦೦ ರೂಪಾಯಿ ದಂಡ. ಅಲ್ಪಸಂಖ್ಯಾತರ ಸಂಸ್ಥೆಗಳಿಗೆ ಮಾತ್ರ ಈ ಕಾಯಿದೆ ಅನ್ವಯಿಸದೆಂದು ೨೦೧೪ರ ಮೇ ೬ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಮಾಧ್ಯಮವನ್ನು ಸರ್ಕಾರ ಖಾಸಗಿ ಶಾಲೆಗಳ ಮೇಲೆ ಹೇರುವಂತಿಲ್ಲವೆಂಬ ತೀರ್ಪು ಬಂದದ್ದೂ ಅದೇ ದಿನ. ಗಡಿನಾಡಿನ ಶಿಕ್ಷಣಚರಿತ್ರೆಯನ್ನು ಬರೆಯುವವರು ಆ ದಿನಾಂಕವನ್ನು ಗುರುತು ಹಾಕಿಕೊಳ್ಳಬೇಕು.

ಈಗ ಹನ್ನೊಂದರ ಹೊಸ್ತಿಲಿಗೆ ಮರಳೋಣ. ಗಡಿಯ ಎರಡೂ ಕಡೆಯ ನಿಯಮಗಳನ್ನು ಎದುರುಬದುರಾಗಿಟ್ಟು ನೋಡಿದರೆ ಆರನೆಯ ತರಗತಿಯ ತೂಕ ತಿಳಿಯುತ್ತದೆ. ತಮಿಳುನಾಡಿನಲ್ಲಿ ೨೦೨೦ರಲ್ಲಿ ಮಾಡಿದ ಕಾನೂನಿನ ಪ್ರಕಾರ ವೈದ್ಯಕೀಯ ಸೀಟುಗಳಲ್ಲಿ ನೂರಕ್ಕೆ ೭.೫ರಷ್ಟು ಸರ್ಕಾರಿ ಶಾಲೆಯವರಿಗೆ ಮೀಸಲು. ೨೦೨೧ರಲ್ಲಿ ಎಂಜಿನಿಯರಿಂಗ್ ಮೊದಲಾದ ಶಿಕ್ಷಣಕ್ಕೂ ಅದನ್ನು ವಿಸ್ತರಿಸಿದರು. ಅದನ್ನು ಪಡೆಯಲು ಆರರಿಂದ ಹನ್ನೆರಡರವರೆಗೆ ಸರ್ಕಾರಿ ಶಾಲೆಯಲ್ಲಿಯೇ ಓದಿರಬೇಕು. ಕಡ್ಡಾಯ ಶಿಕ್ಷಣದ ಸೀಟಿನಲ್ಲಿ ಎಂಟರವರೆಗೆ ಖಾಸಗಿ ಶಾಲೆಯಲ್ಲಿ ಓದಿ ಒಂಬತ್ತಕ್ಕೆ ಸರ್ಕಾರಿ ಶಾಲೆಗೆ ಬಂದವರಿಗೆ ಮಾತ್ರ ವಿನಾಯಿತಿ. ೨೦೨೨ರಲ್ಲಿ ಆರಂಭವಾದ ‘ಪುದುಮೈ ಪೆಣ್’ ಯೋಜನೆಯಲ್ಲಿ ಕಾಲೇಜು ಸೇರಿದ ಹುಡುಗಿಗೆ ತಿಂಗಳಿಗೆ ೧,೦೦೦ ರೂಪಾಯಿ. ಅಲ್ಲಿಯೂ ಲೆಕ್ಕ ಹಿಡಿದದ್ದು ಆರನೆಯ ತರಗತಿಯಿಂದಲೇ. ಗಡಿಯ ಆಚೆಗೆ ಕರ್ನಾಟಕದ ವೃತ್ತಿಶಿಕ್ಷಣದ ಸೀಟಿಗೆ ಸಾಮಾನ್ಯ ನಿಯಮವೆಂದರೆ ಒಂದರಿಂದ ಹನ್ನೆರಡರೊಳಗೆ ಕನಿಷ್ಠ ೭ ವರ್ಷ ಕರ್ನಾಟಕದಲ್ಲಿ ಓದಿರುವುದು. ಎಂಟನೆಯ ತರಗತಿಗೆ ಬೆಂಗಳೂರಿನ ಹಾಸ್ಟೆಲಿಗೆ ಹೋದ ಸೂಳಗಿರಿಯ ಹುಡುಗಿಗೆ ಹನ್ನೆರಡು ಮುಗಿಯುವಾಗ ಆಗುವುದು ಐದೇ ವರ್ಷ. ಆರಕ್ಕೇ ಹೋದವಳಿಗೆ ಸರಿಯಾಗಿ ಏಳು. ಎಂಟಕ್ಕೆ ಹೋದವಳು ಆಚೆಯ ಲೆಕ್ಕಕ್ಕೂ ಸೇರದೆ, ಈಚೆಗೆ ಬಂದರೆ ತನ್ನ ನಾಡಿನಲ್ಲಿಯೇ ನಿವಾಸದ ಪ್ರಮಾಣಪತ್ರವನ್ನು ತೋರಿಸಬೇಕಾಗುತ್ತದೆ. ಏಕೆಂದರೆ ತಮಿಳುನಾಡಿನ ಎಂಜಿನಿಯರಿಂಗ್ ಪ್ರವೇಶದಲ್ಲಿ ಎಂಟರಿಂದ ಹನ್ನೆರಡರವರೆಗೆ ಅಲ್ಲಿಯೇ ಓದಿದವರಿಗೆ ಮಾತ್ರ ಆ ಪತ್ರ ಬೇಡ. ವಿನಾಯಿತಿಗಳೂ ಬದಲಾವಣೆಗಳೂ ವರ್ಷವರ್ಷ ಉಂಟು; ಆಯಾ ವರ್ಷದ ಪ್ರಕಟಣೆಯನ್ನು ನೋಡಿಯೇ ಮಾತಾಡಬೇಕು.

ಇನ್ನೊಂದು ಅನ್ಯಾಯವೂ ಇದೇ ಹೊಸ್ತಿಲಲ್ಲಿದೆ. ಹಳ್ಳಿಯ ಚುರುಕು ಮಕ್ಕಳಿಗಾಗಿ ೧೯೮೬ರ ಶಿಕ್ಷಣನೀತಿಯ ಕಾಲದಿಂದ ಕೇಂದ್ರ ಸರ್ಕಾರ ನಡೆಸುವ ನವೋದಯ ಶಾಲೆಗಳು ತಮಿಳುನಾಡಿನಲ್ಲಿಲ್ಲ. ಭಾಷಾನೀತಿಯ ವಿವಾದವೇ ಅದಕ್ಕೆ ಕಾರಣ. ಅಲ್ಲಿ ಆರನೆಯ ತರಗತಿಗೆ ಪ್ರವೇಶಪರೀಕ್ಷೆ. ಮೂರರಲ್ಲೊಂದು ಪಾಲು ಹುಡುಗಿಯರಿಗೆ. ಊಟ ವಸತಿ ಉಚಿತ. ಆದರೆ ಮಗು ಐದನೆಯ ತರಗತಿಯನ್ನು ಅದೇ ಜಿಲ್ಲೆಯಲ್ಲಿ ಓದುತ್ತಿರಬೇಕು. ಬೇರಿಗೈಯ ಆಚೆ, ಮಾಲೂರು ತಾಲ್ಲೂಕಿನ ಮಾಸ್ತಿಯ ಹುಡುಗಿ ಆ ಪರೀಕ್ಷೆಗೆ ಕೂರಬಹುದು. ಈಚೆಯ ಹುಡುಗಿ, ಅದೇ ಮಾತು, ಅದೇ ರಾಗಿಯ ಹೊಲ, ಕೂರುವಂತಿಲ್ಲ. ಹಣವಿಲ್ಲದ ಮನೆಯ ಓದುವ ಮಗಳಿಗೆ ಆಚೆಯಲ್ಲಿರುವ ಈ ಬಾಗಿಲು ಈಚೆಯಲ್ಲಿ ಇಲ್ಲದಿರುವುದೇ ಖಾಸಗಿ ಶಾಲೆಗಳ ಆಕರ್ಷಣೆಯನ್ನು ಅಷ್ಟು ಹೆಚ್ಚಿಸಿದೆ. ಡೆಂಕಣಿಕೋಟೆಯ ಬೆಟ್ಟದೂರುಗಳಿಂದ ಬಾಲ್ಯವಿವಾಹದ ಸುದ್ದಿ ಈಚಿನ ವರ್ಷಗಳಲ್ಲಿಯೂ ಪತ್ರಿಕೆಗಳಲ್ಲಿ ಬಂದಿದೆ. ಓದಿಗೆ ದಾರಿ ಕಾಣದ ಮನೆಯಲ್ಲಿ ಹಳೆಯ ದಾರಿ ಇನ್ನೂ ಮುಚ್ಚಿಲ್ಲ.

ಕೊನೆಗೆ ಭಾಷೆ. ತಮಿಳುನಾಡು ೨೦೦೬ರಲ್ಲಿ ಮಾಡಿದ ಕಾಯಿದೆಯಿಂದ ಒಂದನೆಯ ತರಗತಿಯಿಂದ ಆರಂಭಿಸಿ ಹತ್ತರವರೆಗೆ ತಮಿಳು ಕಡ್ಡಾಯವಾಯಿತು. ೨೦೧೪ರ ಆದೇಶದಿಂದ ಕೇಂದ್ರೀಯ ಮೊದಲಾದ ಇತರ ಮಂಡಳಿಗಳ ಶಾಲೆಗಳಿಗೂ ವಿಸ್ತರಿಸಿತು. ಆದುದರಿಂದ ‘ಸಿ. ಬಿ. ಎಸ್. ಇ. ಶಾಲೆಗೆ ಹಾಕಿದರೆ ತಮಿಳಿನ ತೊಂದರೆಯಿಲ್ಲ’ ಎಂದು ತಂದೆಯರು ಹೇಳುವುದು ಈಗ ಆಧಾರವಿಲ್ಲದ ಮಾತು. ತಮಿಳು ಕಲಿಯುವುದು ತೊಂದರೆಯೆಂದು ನಾವು ಹೇಳುವುದೂ ಇಲ್ಲ. ಈ ನಾಡಿನಲ್ಲಿ ಬಾಳುವ ಹುಡುಗಿಗೆ ಅದು ಬೇಕು. ಪ್ರಶ್ನೆ ಕನ್ನಡ ಎಲ್ಲಿ ಉಳಿಯುತ್ತದೆ ಎಂಬುದು. ಹೊಸೂರು, ತಳಿ, ಡೆಂಕಣಿಕೋಟೆಯ ಕಡೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಓದಿದ ಮಕ್ಕಳು ೨೦೧೬ರಿಂದ ಹತ್ತನೆಯ ತರಗತಿಯ ತಮಿಳು ಪತ್ರಿಕೆಗೆ ನ್ಯಾಯಾಲಯದ ವಿನಾಯಿತಿಯನ್ನು ಮತ್ತೆಮತ್ತೆ ಕೇಳಬೇಕಾಯಿತು. ೨೦೨೩ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನೊಂದು ವರ್ಷಕ್ಕೆ ವಿಸ್ತರಿಸಿತು. ಭಾಷಾ ಅಲ್ಪಸಂಖ್ಯಾತಳೆಂಬ ಹಕ್ಕನ್ನು ಕೇಳಲು ಹುಡುಗಿಯ ದಾಖಲೆಯಲ್ಲಿ ಆಕೆಯ ಮಾತೃಭಾಷೆ ಸರಿಯಾಗಿರಬೇಕು. ಪ್ರವೇಶದ ದಿನ ನೂಕುನುಗ್ಗಲಿನಲ್ಲಿ, ಅರ್ಜಿ ತುಂಬಿಕೊಡುವ ಗುಮಾಸ್ತ ಕೇಳದೆಯೇ ಆ ಕಾಲಮಿನಲ್ಲಿ ತನಗೆ ತೋಚಿದ ಭಾಷೆಯನ್ನು ಬರೆದುಬಿಡುವುದುಂಟು. ತಂದೆ ಸಹಿ ಹಾಕಿ ಬಸ್ಸು ಹಿಡಿಯುತ್ತಾನೆ. ಐದನೆಯ ತರಗತಿಯ ಉಪಾಧ್ಯಾಯರು ವರ್ಗಾವಣೆಯ ಪತ್ರವನ್ನು ಕೊಡುವ ಮೊದಲು ಆ ಒಂದು ಸಾಲನ್ನು ತಾವೇ ಓದಿ, ಕನ್ನಡವೆಂದು ಇದೆಯೇ ನೋಡಿ, ತಂದೆಗೆ ತೋರಿಸಿ ಕಳುಹಿಸಬಹುದು.